ಗಂಧೆ ಇಲ್ಲ, ತುರಿಕೆ ಇಲ್ಲ, ತುಟಿ ಮಾತ್ರ ಊದುತ್ತದೆ: ಡಾಕ್ಟ್ರನ್ನು ಕೇಳಿ

ಪ್ರಶ್ನೆ (ಡೊಂಬಿವಲಿ): ನಮಸ್ಕಾರ ಡಾಕ್ಟ್ರೇ. ನಮ್ಮತ್ತೆಗೆ 63 ವರ್ಷ. ಎರಡು ತಿಂಗಳಲ್ಲಿ ಮೂರು ಸಲ ತುಟಿ ಊದಿದೆ. ಮೊನ್ನೆ ಮೇಲ್ತುಟಿ ಎಷ್ಟು ದಪ್ಪಗಾಗಿತ್ತೆಂದರೆ, ಲೋಟ ಬಾಯಿಗಿಟ್ಟರೆ ಚಹಾ ಎಲ್ಲ ಸೆರಗಿನ ಮೇಲೆ. ಮೈಮೇಲೆ ಒಂದು ಗಂಧೆಯೂ ಇಲ್ಲ. ಸಿಗಡಿ ಅಲರ್ಜಿ ಅಂತ ಎಲ್ಲರೂ ಹೇಳಿದರು, ಬಿಡಿಸಿದೆವು. ಆದರೆ ಮೂರನೇ ಸಲ ಊದಿದ್ದು ಶ್ರಾವಣ ಸೋಮವಾರ. ಅವತ್ತು ಮನೆಯಲ್ಲಿ ಮೀನಿನ ವಾಸನೆಯೂ ಇರಲಿಲ್ಲ! ಅಲರ್ಜಿ ಗುಳಿಗೆ ಸೆಟ್ರಿಜಿನ್ ಕೊಟ್ಟರೂ ಇಳಿಯಲು ಎರಡು ದಿನ ಹಿಡಿಯಿತು. ಬಿಪಿ, ಶುಗರ್ ಇದೆ.

ಉತ್ತರ: ಕೊನೆಗೆ ಸುಮ್ನೆ ಸೇರಿಸಿದ್ದೀರಲ್ಲ, ನನಗೆ ಬೇಕಾದದ್ದು ಅದೇ. ಬಿಪಿಗೆ ಯಾವ ಗುಳಿಗೆ? ಸ್ಟ್ರಿಪ್ ನೋಡಿ ಹೇಳಿ.

ಡೊಂಬಿವಲಿ: ರಾಮಿಪ್ರಿಲ್. ಆದರೆ ನಾಲ್ಕು ವರ್ಷದಿಂದ ತಗೊಳ್ತಿದ್ದಾರೆ. ಇಷ್ಟು ದಿನ ಆಗದ್ದು ಈಗ ಯಾಕೆ?

ಉತ್ತರ: ಎಲ್ಲರೂ ಎಡವುವುದು ಇಲ್ಲೇ. ರಾಮಿಪ್ರಿಲ್, ಎನಲಾಪ್ರಿಲ್, ಲಿಸಿನೋಪ್ರಿಲ್, ಈ 'ಪ್ರಿಲ್' ಗುಳಿಗೆಗಳು ಶುರು ಮಾಡಿದ ವಾರದಲ್ಲೂ ಊದಿಸಬಹುದು, ವರ್ಷಗಳ ನಂತರವೂ ಊದಿಸಬಹುದು. ನಮ್ಮ ಮೈಯಲ್ಲಿ ಬ್ರಾಡಿಕೈನಿನ್ ಅಂತ ಒಂದು ವಸ್ತು ಇದೆ. ಅದು ಜಾಸ್ತಿಯಾದರೆ ರಕ್ತನಾಳಗಳಿಂದ ನೀರು ಸೋರಿ ಆ ಜಾಗ ಊದುತ್ತದೆ. ಅದನ್ನು ಒಡೆದುಹಾಕುವ ಕಿಣ್ವವನ್ನೇ ಈ ಗುಳಿಗೆ ತಡೆಯುತ್ತದೆ. ಗಂಧೆ, ತುರಿಕೆ ತರುವುದು ಹಿಸ್ಟಮಿನ್. ಇಲ್ಲಿ ಅದರ ಪಾತ್ರವೇ ಇಲ್ಲ, ಹಾಗಾಗಿ ಹಿಸ್ಟಮಿನ್ ತಡೆಯುವ ಸೆಟ್ರಿಜಿನ್ ಕೆಲಸ ಮಾಡಲಿಲ್ಲ. ಸಿಗಡಿಗೆ ಸುಮ್ನೆ ಕೆಟ್ಟ ಹೆಸರು.

ನೋಡದೆ ಖಚಿತ ಹೇಳಲಾರೆ, ಆದರೆ ನನ್ನ ಮೊದಲ ಅನುಮಾನ ಇದೇ. ಮುಂದಿನ ಗುಳಿಗೆ ನುಂಗುವ ಮುಂಚೆ, ಇವತ್ತೇ, ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಬೇರೆ ಗುಂಪಿನ ಬಿಪಿ ಔಷಧಿ ಬರೆಸಿಕೊಳ್ಳಿ. ಶುಗರಿಗೆ ವಿಲ್ಡಾಗ್ಲಿಪ್ಟಿನ್ ಇದೆಯಾ ಅದನ್ನೂ ತಿಳಿಸಿ, ಜೊತೆಗಿದ್ದರೆ ಅಪಾಯ ಹೆಚ್ಚು. ನಿಲ್ಲಿಸಿದ ಮೇಲೂ ಕೆಲವು ವಾರ ಒಂದೆರಡು ಸಲ ಊದಬಹುದು. ನಾಲಿಗೆ ದಪ್ಪಗಾದರೆ, ದನಿ ಬದಲಾದರೆ, ಎಂಜಲು ನುಂಗಲಾಗದಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಪ್ರಶ್ನೆ (ಮುಲುಂಡ್): ಹೀಗೆ ಬರುವವರಲ್ಲಿ ಎಷ್ಟು ಜನಕ್ಕೆ ಗುಳಿಗೆಯೇ ಕಾರಣ, ಡಾಕ್ಟ್ರೇ?

ಉತ್ತರ: ಇಟಲಿಯ ಮಿಲಾನ್‌ನಲ್ಲಿ 1993ರಿಂದ 2003ರವರೆಗೆ ಗಂಧೆಯಿಲ್ಲದ ಊತ ಇದ್ದ 776 ಜನರನ್ನು ಪರೀಕ್ಷಿಸಿದ್ದರು. 85 ಮಂದಿಗೆ ಪ್ರಿಲ್ ಗುಳಿಗೆ ಕಾರಣ. 124 ಮಂದಿಗೆ ಬೇರೆ ಔಷಧಿ, ಆಹಾರ ಅಥವಾ ಹುಳದ ಕಡಿತ. 197 ಮಂದಿಗೆ ಸಿ1 ಇನ್‌ಹಿಬಿಟರ್ ಎಂಬ ಪ್ರೋಟೀನಿನ ಕೊರತೆ. ಆ ಕಾಯಿಲೆಗೆ ಹೆಸರಾದ ಕೇಂದ್ರವಾದ್ದರಿಂದ ಈ ಸಂಖ್ಯೆ ದೊಡ್ಡದು. ನಮ್ಮ ಓಪಿಡಿಯಲ್ಲಿ ಅಷ್ಟು ನಿರೀಕ್ಷಿಸಬೇಡಿ. 294 ಮಂದಿಗೆ ಕಾರಣವೇ ಸಿಗಲಿಲ್ಲ. ಆದರೆ ಅವರಲ್ಲಿ 254 ಮಂದಿಗೆ ದಿನವೂ ಅಲರ್ಜಿ ಗುಳಿಗೆ ಕೊಟ್ಟಾಗ ಹತೋಟಿಗೆ ಬಂತು. ಅಂದರೆ ಗಂಧೆ ಕಾಣದಿದ್ದರೂ ಕೆಲವರಲ್ಲಿ ಹಿಸ್ಟಮಿನ್ನೇ ಕಳ್ಳ.

ಪ್ರಶ್ನೆ (ಪುಣೆ): ನನ್ನ ತಮ್ಮನಿಗೆ 19. ಯಾವ ಗುಳಿಗೆಯೂ ಇಲ್ಲ. ಒಮ್ಮೆ ಕೈ ಊದುತ್ತದೆ, ಒಮ್ಮೆ ವಿಪರೀತ ಹೊಟ್ಟೆನೋವು, ವಾಂತಿ. ಅಪೆಂಡಿಕ್ಸ್ ಅಂತ ಅಡ್ಮಿಟ್ ಮಾಡಿ, ಏನೂ ಇಲ್ಲ ಅಂತ ಕಳಿಸಿದರು. ಅಪ್ಪನಿಗೂ ಚಿಕ್ಕಂದಿನಿಂದ ಹೀಗೇ.

ಉತ್ತರ: ಅಪ್ಪನಿಗೂ ಅಂದಿರಲ್ಲ, ಅದು ಮುಖ್ಯ. ಹೆತ್ತವರಲ್ಲಿ ಒಬ್ಬರಿಗೆ ಸಿ1 ಕೊರತೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಕರುಳಿನ ಗೋಡೆ ಊದಿದರೂ ಹೊಟ್ಟೆ ಹೀಗೇ ನೋಯುತ್ತದೆ. ಸಿ4 ಎಂಬ ಇನ್ನೊಂದು ಪ್ರೋಟೀನ್, ಸಿ1 ಇನ್‌ಹಿಬಿಟರ್ ಪ್ರಮಾಣ ಮತ್ತು ಅದರ ಕೆಲಸ, ಈ ರಕ್ತಪರೀಕ್ಷೆಗಳನ್ನು ಅಪ್ಪ-ಮಗ ಇಬ್ಬರಿಗೂ ಮಾಡಿಸಿ. ಇದಾದರೆ ಸ್ಟೀರಾಯ್ಡ್ ಇಂಜೆಕ್ಷನ್ನಿಗೆ ಬಗ್ಗುವುದಿಲ್ಲ, ಔಷಧಿಯೇ ಬೇರೆ. ಹಲ್ಲು ಕೀಳಿಸುವುದಿದ್ದರೆ ಡೆಂಟಿಸ್ಟ್‌ಗೆ ಮೊದಲೇ ಹೇಳಿ, ಅದರಿಂದಲೂ ಗಂಟಲು ಊದಬಹುದು.

ಡೊಂಬಿವಲಿ: ಡಾಕ್ಟ್ರೇ, ಔಷಧಿ ಬದಲಾಯಿಸಿಕೊಟ್ಟರು. ಈಗ ಮಾವ ಹೆದರಿದ್ದಾರೆ, ಅವರದೂ ರಾಮಿಪ್ರಿಲ್ಲೇ. ನಿಲ್ಲಿಸಲಾ ಅಂತಾರೆ.

ಉತ್ತರ: ಬೇಡ ಬೇಡ! ನೂರರಲ್ಲಿ ಒಬ್ಬರಿಗೂ ಹೀಗಾಗುವುದಿಲ್ಲ. ಅವರಿಗೆ ಊದಿಲ್ಲ ತಾನೇ? ನುಂಗಲಿ. ಅತ್ತೆಯ ಫೈಲಿನ ಮೇಲೆ ಮಾತ್ರ ಕೆಂಪು ಪೆನ್ನಲ್ಲಿ 'ಪ್ರಿಲ್ ಕೊಡಬಾರದು' ಅಂತ ಬರೆದಿಡಿ, ಮತ್ತೆ ಮಾವನ ಸ್ಟ್ರಿಪ್ ಬೇರೆ ಡಬ್ಬಿಯಲ್ಲಿರಲಿ.