ಅರ್ಧ ಗುಂಟೆ ಬಾಂಡ್ ಮೇಲೆ ತಗೋಬಹುದಾ?

ತಾರಿಹಾಳ ಶಿಫ್ಟ್: ಹಳೇ ಹುಬ್ಬಳ್ಳಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ ನಮ್ಮದು. ಹನ್ನೊಂದು ವರ್ಷ ಚೀಟಿ ಹಾಕಿ ಒಂದಿಷ್ಟು ದುಡ್ಡು ಕೂಡಿಸಿದ್ದೇವೆ. ಎನ್ಎ ಆದ (ಹೊಲವನ್ನು ಕೃಷಿಯೇತರ ಜಾಗ ಅಂತ ಬದಲಿಸಿದ) ಲೇಔಟ್‌ಗಳಿಗೆ ಹೋದರೆ 30×40ಕ್ಕಿಂತ ಸಣ್ಣದು ಇಲ್ಲ ಅಂದರು, ಅಷ್ಟು ನಮ್ಮ ಕೈಗೆ ಎಟುಕುವುದಿಲ್ಲ. ಊರ ಹೊರಗೆ ಒಬ್ಬರು ಹೊಲದಲ್ಲಿ ಅರ್ಧ ಗುಂಟೆ ಬಾಂಡ್ ಮೇಲೆ, ಅಂದರೆ ಬರೀ ಛಾಪಾ ಕಾಗದದ ಮೇಲೆ, ಬರೆದು ಕೊಡುತ್ತಾರಂತೆ. ನೋಡಿ ಬಂದೆ. ನಾಲ್ಕು ಕಲ್ಲು ನೆಟ್ಟು ಸುಣ್ಣ ಬಳಿದಿದ್ದಾರೆ, ಪಕ್ಕದಲ್ಲೇ ಹತ್ತಿಕಟ್ಟಿಗೆ ಇನ್ನೂ ನಿಂತಿದೆ. ನಮಗೆ 600 ಚದರ ಅಡಿ ಸಾಕು, ಅದು ಸರಿಯಾದ ಕಾಗದದ ಮೇಲೆ ಯಾಕೆ ಸಿಗುವುದಿಲ್ಲ?

ಉಣಕಲ್ ಕೆರೆ: ದಯವಿಟ್ಟು ಬೇಡ. ಬಾಂಡ್ ಅಂದರೆ ಖರೀದಿಯಲ್ಲ, ನೋಂದಣಿ ಆಗದೆ ಜಾಗ ನಿಮ್ಮದಾಗುವುದಿಲ್ಲ. ಪಹಣಿಯಲ್ಲಿ ಹೆಸರು ಹೊಲದವರದೇ ಇರುತ್ತದೆ, ಬ್ಯಾಂಕ್ ಸಾಲವೂ ಇಲ್ಲ. ನಮ್ಮ ಅತ್ತೆ ಹೀಗೇ ತಗೊಂಡಿದ್ದರು, ಅದೇ ಪ್ಲಾಟು ಇನ್ನೊಬ್ಬರಿಗೂ ಬರೆದುಕೊಟ್ಟಿದ್ದು ಪಾಯ ತೋಡುವ ದಿನ ಗೊತ್ತಾಯಿತು.

ನಕ್ಷೆ ಕೆಲಸ, ಧಾರವಾಡ: ಲೇಔಟ್ ಡ್ರಾಯಿಂಗ್ ಮಾಡುವವನಾಗಿ ಹೇಳುತ್ತೇನೆ. ಊರಿನ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಹಳದಿ ಬಣ್ಣ (ವಸತಿ) ಬಂದ ಹೊಲಕ್ಕೆ ಎನ್ಎ ಸಲೀಸು, ಹಸಿರು (ಕೃಷಿ) ಬಂದರೆ ಕಷ್ಟ. ಹಳದಿ ಕಡಿಮೆ, ಅದಕ್ಕೇ ಆ ದರ. ಒಂದು ಎಕರೆ ಅಂದರೆ 43,560 ಚದರ ಅಡಿ. ರಸ್ತೆ, ಪಾರ್ಕ್ ಎಲ್ಲ ಬಿಟ್ಟು 24,000 ಉಳಿಯಿತು ಅಂತ ಇಟ್ಟುಕೊಳ್ಳಿ. 30×40ರ ಪ್ಲಾಟು 20 ಆಗುತ್ತವೆ, 20×30 ಆದರೆ 40. ಅಂದರೆ ಅದೇ ಎಕರೆಯಲ್ಲಿ ಇನ್ನೂ 20 ಮನೆ ನಿಲ್ಲುತ್ತವೆ. 20×30 ಸೈಟ್‌ಗಳನ್ನು ಸರ್ಕಾರದ ನಗರಾಭಿವೃದ್ಧಿ ಪ್ರಾಧಿಕಾರಗಳೇ ಹಂಚಿದ್ದುಂಟು, ಖಾಸಗಿಯವರು ಮಾತ್ರ ಸಣ್ಣ ಪ್ಲಾಟು ಹಾಕಿದರೆ ಲೇಔಟ್‌ನ ಕಿಮ್ಮತ್ತು ಇಳಿಯುತ್ತದೆ ಅನ್ನುತ್ತಾರೆ. ಬಡವರು ಬರಬಾರದು ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ, ಅಳತೆಯೇ ಆ ಕೆಲಸ ಮಾಡುತ್ತದೆ. ನನಗೆ ಇದು ಸಂಕಟದ ವಿಷಯ.

ಕೇಶ್ವಾಪುರ: ಆದರೆ ರಸ್ತೆ ಬಿಡಲೇಬೇಕು ಅಲ್ವಾ? ನಮ್ಮ ಓಣಿಗೆ ಆಂಬುಲೆನ್ಸ್ ಬರಲಿಲ್ಲ, ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದೆವು.

ನಕ್ಷೆ ಕೆಲಸ, ಧಾರವಾಡ: ರಸ್ತೆ ಇರಲಿ, ಪ್ಲಾಟು ಸಣ್ಣದಾಗಲಿ. ಅಮೆರಿಕದ ಹ್ಯೂಸ್ಟನ್‌ನಲ್ಲಿ 1998ರಲ್ಲಿ ನಗರದ ಒಳಭಾಗಕ್ಕೆ ಪ್ಲಾಟಿನ ಕನಿಷ್ಠ ಅಳತೆಯನ್ನು 5,000 ಚದರ ಅಡಿಯಿಂದ 1,400ಕ್ಕೆ ಇಳಿಸಿದರು, ಒಂದು ಮನೆಯಿದ್ದ ಜಾಗದಲ್ಲಿ ಮೂರು ಎದ್ದವು. ಇಲ್ಲಿ ಪ್ರತಿ ಹೊಸ ಲೇಔಟ್‌ನಲ್ಲೂ ಇಷ್ಟು ಪ್ಲಾಟು 20×30 ಇರಲೇಬೇಕು ಅಂತ ಕಡ್ಡಾಯ ಮಾಡಲಿ. ಮುಂದಿನ ಮಾಸ್ಟರ್ ಪ್ಲಾನ್‌ಗೆ ಆಕ್ಷೇಪಣೆ ಕರೆದಾಗ ಇದನ್ನೇ ಬರೆದು ಕೊಡೋಣ, ಅರ್ಜಿ ನಾನು ತಯಾರು ಮಾಡುತ್ತೇನೆ.

ತಾರಿಹಾಳ ಶಿಫ್ಟ್: ನನ್ನ ಸಹಿ ಹಾಕಿಕೊಳ್ಳಿ. ನಾಳೆ ಬಾಂಡ್ ಬರೆಸಬೇಕಿತ್ತು, ಬೇಡ ಅಂತ ಈಗಷ್ಟೇ ಫೋನ್ ಮಾಡಿದೆ. 20×30 ಎಲ್ಲಾದರೂ ಕಂಡರೆ ತಿಳಿಸಿ. ಹುಬ್ಬಳ್ಳಿ-ಧಾರವಾಡದ ಚಿಗರಿ (ಬಿಆರ್‌ಟಿಎಸ್) ಬಸ್ಸಿನ ದಾರಿಯಲ್ಲೇ ಬೇಕು ಅಂತಿಲ್ಲ, ಬೆಳಗಿನ ಶಿಫ್ಟಿಗೆ ಒಂದು ಸಿಟಿ ಬಸ್ ಸಿಕ್ಕರೆ ಸಾಕು.