ಅಪ್‌ಡೇಟ್: ನಿಕಲ್ ಕಾಯಿಲ್ ತೆಗೆದುಹಾಕಿದೆ

ವೇಪ್‌ಗೆ (ಇ-ಸಿಗರೇಟಿಗೆ) ಶುದ್ಧ ನಿಕಲ್ ತಂತಿಯ ಕಾಯಿಲ್ (ದ್ರವವನ್ನು ಕಾಯಿಸುವ ಸುರುಳಿ) ಹಾಕಿದರೆ ಅಪಾಯವೇ, ಅದನ್ನು ಒಣದಾಗಿಯೇ ಕೆಂಪಗೆ ಕಾಯಿಸಿ ಪರೀಕ್ಷಿಸಬಹುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಕಾಯಿಸುವುದು ಬೇಡವೇ ಬೇಡ ಎಂದವರ ಮಾತೇ ಸರಿ. ನಿಕಲ್ ಕರಗುವುದು 1455 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಾಗಾಗಿ ಭಯವಿಲ್ಲ ಅಂದುಕೊಂಡಿದ್ದೆ. ಆದರೆ ಕೆಂಪಗಾದಾಗ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ. ನಿಕಲ್ ಸಂಯುಕ್ತಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರುವ 1ನೇ ಗುಂಪಿನಲ್ಲಿಟ್ಟಿದೆ. ಓದಿ ನಿಜಕ್ಕೂ ಗಾಬರಿಯಾಯಿತು. ಉಸಿರಿನ ಜೊತೆ ಒಳಗೆಳೆದುಕೊಳ್ಳುವ ವಸ್ತುವಲ್ಲವೇ ಇದು!

ನನ್ನ ಇನ್ನೊಂದು ತಪ್ಪು, ವಾಟೇಜ್ ಮೋಡ್‌ನಲ್ಲೇ (ತಾಪ ನೋಡದೆ ನಿಗದಿತ ವಿದ್ಯುತ್ ಶಕ್ತಿ ಕೊಡುವ ಕ್ರಮ) ಸೇದುತ್ತಿದ್ದದ್ದು. ಬಿಸಿಯಾದಂತೆ ನಿಕಲ್‌ನ ವಿದ್ಯುತ್ ರೋಧ ಏರುತ್ತದೆ; ತಾಪ ನಿಯಂತ್ರಣ ಮೋಡ್‌ನಲ್ಲಿ ಆ ಏರಿಕೆಯನ್ನು ಅಳೆದೇ ಸಾಧನ ತಾಪವನ್ನು ಹಿಡಿತದಲ್ಲಿಡುವುದು. ವಾಟೇಜ್ ಮೋಡ್‌ನಲ್ಲಿ ಆ ಕಡಿವಾಣ ಇಲ್ಲ, ದ್ರವ ಹೀರಿಕೊಳ್ಳುವ ಹತ್ತಿ ಒಣಗಿದರೂ ಬಿಸಿ ಏರುತ್ತಲೇ ಹೋಗುತ್ತದೆ.

ಬೆಲ್ಟಿನ ಬಕಲ್ ತಾಗಿದಲ್ಲೆಲ್ಲ ನನಗೆ ತುರಿಕೆ ಏಳುತ್ತಿತ್ತು. ಅದು ನಿಕಲ್ ಅಲರ್ಜಿಯೇ ಎಂದು ಚರ್ಮದ ವೈದ್ಯರು ಖಚಿತಪಡಿಸಿದರು. ಕಾಯಿಲ್ ಅಂದೇ ತೆಗೆದೆ. ಬದಲಿ ಕಾಯಿಲ್ ತಂತಿಗಳನ್ನು ನೋಡಿದರೆ, ನೈಕ್ರೋಮ್ 80ರಲ್ಲೂ ಸುಮಾರು ಶೇ. 80 ನಿಕಲ್, 316ಎಲ್ ಸ್ಟೀಲ್‌ನಲ್ಲೂ ಶೇ. 10ರಿಂದ 14 ಇದೆ. ಕಾಂತಾಲ್ ಎಂಬ ಇನ್ನೊಂದು ತಂತಿಯಲ್ಲಿ ನಿಕಲ್ ಇಲ್ಲ ನಿಜ, ಆದರೆ ಹೊಗೆಯ ಉಳಿದ ಅಪಾಯ ಅದರಿಂದ ಹೋಗುವುದಿಲ್ಲವಲ್ಲ. ಸೇದುವುದನ್ನೇ ನಿಲ್ಲಿಸಿ ಇವತ್ತಿಗೆ ಒಂಬತ್ತು ದಿನ.