ದೇವರು ಗೆಳೆಯನಾದರೆ ಎದ್ದು ನಿಲ್ಲುವುದು ಯಾಕೆ?

ಮುಲ್ಕಿಯವಳು, ಮಿಸಿಸಾಗಾ

ಕರ್ತನಲ್ಲಿ ಗುಂಪಿನ ಎಲ್ಲರಿಗೂ ವಂದನೆಗಳು. ಪ್ರಶ್ನೆ ಸ್ವಲ್ಪ ಉದ್ದವಾಗಿದೆ, ಬೇಸರಿಸಬೇಡಿ. ನನ್ನ ಮಗನಿಗೆ ಹನ್ನೊಂದು ವರ್ಷ. ನಾವು ಹೋಗುವ ಚರ್ಚ್ ಮನೆಗೆ ಹತ್ತಿರ. ಜನ ಒಳ್ಳೆಯವರು, ಕೆನಡಾಕ್ಕೆ ಬಂದ ಹೊಸದರಲ್ಲಿ ನಮಗೆ ಹಾಸಿಗೆ, ಚಳಿಗಾಲದ ಕೋಟು ತಂದುಕೊಟ್ಟವರೇ ಅವರು. ಆರಾಧನೆ ಮಾತ್ರ ಸಿನಿಮಾ ಮಂದಿರದಂಥ ಕತ್ತಲೆಯ ಹಾಲ್‌ನಲ್ಲಿ. ಗಿಟಾರ್, ಡ್ರಮ್, ಬಣ್ಣದ ದೀಪ, ಕುರ್ಚಿಯಲ್ಲೇ ಕಾಫಿ ಲೋಟ ಇಡಲು ಜಾಗ. ದೇವರು ನಿನ್ನ ಆಪ್ತ ಗೆಳೆಯ ಎಂದು ಮಕ್ಕಳಿಗೆ ಕಲಿಸುತ್ತಾರೆ. ಅದು ತಪ್ಪು ಎಂದು ನಾನು ಹೇಳುವುದಿಲ್ಲ.

ಕಳೆದ ತಿಂಗಳು ಅತ್ತೆಯವರು ಊರಿನಿಂದ ಬಂದಿದ್ದರು. ರಾತ್ರಿ ಕುಟುಂಬ ಪ್ರಾರ್ಥನೆಗೆ ನಾವೆಲ್ಲ ಎದ್ದು ನಿಂತರೂ ಇವನು ಸೋಫಾದಲ್ಲಿ ಕಾಲು ಚಾಚಿಯೇ ಇದ್ದ. ಏಳು ಎಂದೆ. "ದೇವರು ಗೆಳೆಯ ಅಲ್ಲವೇ? ಗೆಳೆಯ ಬಂದರೆ ಯಾರಾದರೂ ಎದ್ದು ನಿಲ್ಲುತ್ತಾರೆಯೇ?" ಎಂದು ಕೇಳಿದ. ಉಡಾಫೆಯಿಂದ ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು. ಅತ್ತೆ ಆಗ ಸುಮ್ಮನಿದ್ದರು. ಮರುದಿನ ಅಡುಗೆಮನೆಯಲ್ಲಿ, "ಹುಡುಗನಿಗೆ ದೇವರ ಭಯವೇ ಇಲ್ಲವಲ್ಲ" ಎಂದರು.

ಹೆದರಿಸಿ ಬೆಳೆಸಲು ನನಗೆ ಮನಸ್ಸಿಲ್ಲ. ಆದರೆ ದೇವರ ಮುಂದೆ ತಾನಾಗಿ ತಲೆ ಬಾಗುವ ಮನಸ್ಸು ಮಕ್ಕಳಲ್ಲಿ ಹೇಗೆ ಮೂಡುತ್ತದೆ? ನೀವು ಮನೆಯಲ್ಲಿ ಏನು ಮಾಡುತ್ತೀರಿ? ಚರ್ಚ್ ಬದಲಿಸಬೇಕೇ?

ಮೆಲ್ಬರ್ನ್ ಕುಟುಂಬ

ನಮ್ಮ ಮನೆಯದೂ ಇದೇ ಕಥೆ. ಯಾರಾದರೂ ಉತ್ತರ ಕೊಟ್ಟರೆ ಓದಲು ಕಾದಿದ್ದೇನೆ.

ಸ್ಕಾರ್ಬರೋ

ಅಕ್ಕ, ಅವನಿಗೆ ಎರಡು ಕಥೆ ಹೇಳಿ, ಉಪದೇಶ ಬೇಡ. ಪೇತ್ರ ಯೇಸುವಿನ ಜೊತೆ ಉಂಡವನು, ಒಂದೇ ದೋಣಿಯಲ್ಲಿ ಕುಳಿತವನು, ಎದುರು ಮಾತಾಡಿ ಬೈಸಿಕೊಂಡವನು. ಅದೇ ಪೇತ್ರ ಬಲೆ ಹರಿಯುವಷ್ಟು ಮೀನು ಸಿಕ್ಕ ದಿನ ಖುಷಿಪಡಲಿಲ್ಲ. ಮೊಣಕಾಲೂರಿ, ನಾನು ಪಾಪಿ, ನನ್ನನ್ನು ಬಿಟ್ಟು ಹೋಗು ಎಂದ. ಇನ್ನೊಬ್ಬ ಯೋಹಾನ. ಕಡೆಯ ಊಟದಲ್ಲಿ ಯೇಸುವಿನ ಎದೆಗೆ ಒರಗಿದವನು ಅವನೇ ಎಂದು ನಾವೆಲ್ಲ ಕಲಿತಿದ್ದೇವೆ. ಪತ್ಮೋಸ್ ದ್ವೀಪದಲ್ಲಿ ಅದೇ ಯೇಸುವನ್ನು ಕಂಡಾಗ ಸತ್ತವನಂತೆ ಬಿದ್ದ. ಇಬ್ಬರೂ ಗೆಳೆಯರೇ. ಇಷ್ಟು ಹೇಳಿ ಬಿಟ್ಟುಬಿಡಿ, ಅವನೇ ಯೋಚಿಸಲಿ.

ಎರಡನೆಯದು, ಟೊರೊಂಟೊದಿಂದ ಸುಮಾರು ಎರಡು ಗಂಟೆಯ ದಾರಿಯಲ್ಲಿ, ಗ್ರೇವನ್‌ಹರ್ಸ್ಟ್ ಹತ್ತಿರ, ಟೊರೆನ್ಸ್ ಬ್ಯಾರೆನ್ಸ್ ಎಂಬ ಬಂಡೆಬಯಲು ಇದೆ. 1999ರಿಂದ ಅದು ಕತ್ತಲೆಗಾಗಿಯೇ ಕಾಯ್ದಿಟ್ಟ ಜಾಗ, ಬೀದಿದೀಪ ಇಲ್ಲ. ಚಂದ್ರನಿಲ್ಲದ ರಾತ್ರಿ ಕರೆದುಕೊಂಡು ಹೋಗಿ. ನಮ್ಮ ಆಕಾಶಗಂಗೆಯಂಥದೇ ಇನ್ನೊಂದು ಗ್ಯಾಲಕ್ಸಿ, ಆಂಡ್ರೊಮಿಡಾ, ಬರಿಗಣ್ಣಿಗೆ ಮಸುಕಾದ ಮಚ್ಚೆಯಂತೆ ಕಾಣುತ್ತದೆ. ಅಲ್ಲಿಂದ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷ ಆಗಿದೆ ಎಂದು ತೋರಿಸಿ. ಬಂಡೆಯ ಮೇಲೆ ಮಲಗಿ ಎಂಟನೆಯ ಕೀರ್ತನೆ ಓದಿ. ಮನುಷ್ಯನು ಎಷ್ಟರವನು ಎಂದು ಅಲ್ಲಿ ಕೇಳಿದಂತೆ ಹಾಲ್‌ನಲ್ಲಿ ಕೇಳಲು ಆಗುವುದಿಲ್ಲ.

ಮೂರನೆಯದು, ಪ್ರಾರ್ಥನೆಗೆ ಮುಂಚೆ ಒಂದು ನಿಮಿಷ ಸುಮ್ಮನಿರಿ. ನೀವಿಬ್ಬರೂ ಮೊಣಕಾಲೂರಿ. ಅವನಿಗೆ ಹೇಳಬೇಡಿ. ಕೆಲವು ತಿಂಗಳು ಕಾಯಿರಿ.

ಬಳ್ಳಾರಿ ಹಿರಿಯರು, ಡಲ್ಲಾಸ್

ಸಹೋದರಿ, ಮೊದಲು ಆ ಚರ್ಚ್ ಬಿಡಿ. ಉಳಿದದ್ದೆಲ್ಲ ಆಮೇಲೆ.

ದೇವರು ಉರಿಯುವ ಪೊದೆಯಿಂದ ಮೋಶೆಗೆ ಮೊದಲು ಹೇಳಿದ್ದೇನು? ಹತ್ತಿರ ಬರಬೇಡ, ಕೆರ ಬಿಡು. ಕಾಫಿ ತಂದುಕೋ ಎಂದನೇ? ನಾದಾಬ, ಅಬೀಹು ಇಬ್ಬರೂ ಆರೋನನ ಮಕ್ಕಳು, ಯಾಜಕರು. ದೇವರು ಹೇಳದ ಬೆಂಕಿಯನ್ನು ಆತನ ಸನ್ನಿಧಿಗೆ ತಂದು ಸುಟ್ಟುಹೋದರು. ಬೀಳಲಿದ್ದ ದೇವರ ಮಂಜೂಷಕ್ಕೆ, ಅಂದರೆ ಒಡಂಬಡಿಕೆಯ ಪೆಟ್ಟಿಗೆಗೆ, ಕೈ ಕೊಟ್ಟ ಉಜ್ಜ ಅಲ್ಲೇ ಸತ್ತ, ಅವನ ಉದ್ದೇಶ ಒಳ್ಳೆಯದೇ ಇತ್ತು! ಈಗ ಉದ್ದೇಶ ಒಳ್ಳೆಯದಿದ್ದರೆ ಸಾಕು ಎನ್ನುತ್ತಾರೆ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ನಮ್ಮ ಬಳ್ಳಾರಿಯಲ್ಲಿ ಕುಳಿತು ಕನ್ನಡಕ್ಕೆ ತಂದ ಸತ್ಯವೇದ 1831ರಲ್ಲಿ ಪೂರ್ತಿಯಾಯಿತು. ನಮ್ಮ ತಾತ ಕೈ ತೊಳೆಯದೆ ಆ ಪುಸ್ತಕ ಮುಟ್ಟುತ್ತಿರಲಿಲ್ಲ. ಚರ್ಚಿನಲ್ಲಿ ಚಾಪೆಯ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಬಾಗಿಲಲ್ಲಿ ಚಪ್ಪಲಿಗಳ ಸಾಲು. ಪಾದ್ರಿ ಅಯ್ಯನವರು ಒಳಗೆ ಬಂದರೆ ಸೂಜಿ ಬಿದ್ದರೂ ಕೇಳಬೇಕು. ನಿದ್ದೆ ಮಾಡಿದವನ ತಲೆಗೆ ಮನೆಗೆ ಬಂದ ಮೇಲೆ ಮೊಟಕು. ನಾವು ಕೆಟ್ಟೆವೇ?

ದೀಪ ಆರಿಸಿ ಡ್ರಮ್ ಬಾರಿಸಿದರೆ ಮೈ ನವಿರೇಳುತ್ತದೆ, ಒಪ್ಪುತ್ತೇನೆ. ಕ್ರಿಕೆಟ್ ಮೈದಾನದಲ್ಲೂ ನವಿರೇಳುತ್ತದೆ.

ಸಿಯಾಟಲ್, ಹಾಸನ ಮೂಲ

ಅಂಕಲ್, ಗೌರವದಿಂದಲೇ ಹೇಳುತ್ತೇನೆ. ನಾನು ಆ ಮೊಟಕು ತಿಂದು ಬೆಳೆದವನು. ಗುಡುಗು ಬಂದರೆ ನನಗಾಗಿಯೇ ಬಂತು ಎಂದುಕೊಳ್ಳುತ್ತಿದ್ದೆ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಶನಿವಾರ ರಾತ್ರಿ ಪ್ರಾರ್ಥನೆ ತಪ್ಪಿಸಿದ್ದಕ್ಕೆ ಶಿಕ್ಷೆ ಎಂದು ಮನೆಯಲ್ಲಿ ಹೇಳುತ್ತಿದ್ದರು. ಬೆಂಗಳೂರಿಗೆ ಓದಲು ಬಂದ ಮೊದಲ ವರ್ಷವೇ ಚರ್ಚ್ ಬಿಟ್ಟೆ. ಬಹಳ ವರ್ಷಗಳ ನಂತರ ನನ್ನನ್ನು ಮರಳಿ ಕರೆತಂದದ್ದು ನೀವು ಬೈಯುತ್ತಿರುವಂಥದೇ ಒಂದು ಡ್ರಮ್ ಚರ್ಚ್. ಪೂರ್ಣ ಪ್ರೀತಿ ಭಯವನ್ನು ಹೊರಗೆ ಹಾಕುತ್ತದೆ ಎಂದು ಬರೆದವನೂ ಯೋಹಾನನೇ.

ಬಳ್ಳಾರಿ ಹಿರಿಯರು, ಡಲ್ಲಾಸ್

ನಮ್ಮ ದೇವರು ದಹಿಸುವ ಅಗ್ನಿ ಎಂದು ಇಬ್ರಿಯರ ಪತ್ರಿಕೆಯ ಹನ್ನೆರಡನೆಯ ಅಧ್ಯಾಯದಲ್ಲಿದೆ. ಅದು ಹಳೇ ಒಡಂಬಡಿಕೆಯಲ್ಲ, ಹೊಸದು. ತಮ್ಮಾ, ನಿಮ್ಮ ತಂದೆ ತಪ್ಪಾಗಿ ಹೊಡೆದಿರಬಹುದು. ಅದಕ್ಕೆ ದೇವರನ್ನು ಸಣ್ಣವನನ್ನಾಗಿ ಮಾಡಬೇಡಿ.

ಮಂಗಳೂರು, ಲಂಡನ್

ನಾವು ಕಥೋಲಿಕರು, ಮನೆಮಾತು ಕೊಂಕಣಿ, ಆದರೂ ಈ ಗುಂಪಿನಲ್ಲಿ ಬಾಯಿ ಹಾಕುತ್ತೇನೆ. ನಮ್ಮ ಮನೆಯಲ್ಲಿ ಸಂಜೆ ತೆರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ ಮಕ್ಕಳು ಕೈಮುಗಿದು ಹಿರಿಯರಿಂದ ಬೆಸಾಂವ್ (ಆಶೀರ್ವಾದ) ಕೇಳಬೇಕು. ನನ್ನ ಅಜ್ಜಿ ತೀರಾ ಮುದುಕಿಯಾದಾಗಲೂ ಆಕೆಗಿಂತ ದೊಡ್ಡವರು ಯಾರಾದರೂ ಮನೆಗೆ ಬಂದಿದ್ದರೆ ತಾನೂ ಕೇಳುತ್ತಿದ್ದಳು. ಅದನ್ನು ನೋಡಿದ ಮಗುವಿಗೆ ದೇವರ ಮುಂದೆ ಯಾಕೆ ಬಗ್ಗಬೇಕು ಎಂದು ಬೇರೆ ಪಾಠ ಬೇಕಾಗಲಿಲ್ಲ.

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ (ಮರಿಯಮ್ಮನ ಹುಟ್ಟುಹಬ್ಬ) ಮುಂಚಿನ ಒಂಬತ್ತು ದಿನ ಮಕ್ಕಳು ಬಾಲ ಮರಿಯಮ್ಮನಿಗೆ ಹೂವು ಹಾಕುತ್ತಾರೆ. ಊರಲ್ಲಿ ಬೆಳಿಗ್ಗೆ ಬೇಲಿ ಬೇಲಿ ಅಲೆದು ಹೂವು ಕೊಯ್ಯಬೇಕಿತ್ತು. ಇಲ್ಲಿ ನಮ್ಮ ಹಿತ್ತಿಲಿನ ಡೇಲಿಯಾ, ಸಾಲದಿದ್ದರೆ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿಯನ್ನು ಕೇಳುತ್ತೇವೆ. ಅವರಿಗೂ ಈಗ ತಾರೀಕು ಬಾಯಿಪಾಠ. ಮಕ್ಕಳ ಕೈಗೆ ಕೆಲಸ ಕೊಡಿ ಎನ್ನುವುದಷ್ಟೇ ನನ್ನ ಮಾತು.

ಹಿರಿಯರು ಚಪ್ಪಲಿಯ ಮಾತು ಎತ್ತಿದ್ದಕ್ಕೆ ಇನ್ನೊಂದು. ಚಪ್ಪಲಿ ಬಿಡುವುದು, ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಆರತಿ, ಇವನ್ನೆಲ್ಲ ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಸೇರಿಸಿಕೊಳ್ಳಲು ಭಾರತದ ಬಿಷಪ್ಪರಿಗೆ ರೋಮ್ 1969ರಲ್ಲೇ ಒಪ್ಪಿಗೆ ಕೊಟ್ಟಿತು. ಆಗ ಇದು ಹಿಂದೂ ಪದ್ಧತಿ ಎಂದು ಗಲಾಟೆ ಮಾಡಿದವರಲ್ಲಿ ನಮ್ಮ ಜನರೂ ಇದ್ದರು. ಭಕ್ತಿ ಹೇಗಿರಬೇಕು ಎಂದು ಎಲ್ಲರಿಗೂ ಗೊತ್ತು, ಅವರವರ ಚರ್ಚಿನಲ್ಲಿ ಇರುವ ಹಾಗೆ ಇರಬೇಕು.

ಸ್ಟುಟ್‌ಗಾರ್ಟ್

ಎಲ್ಲರೂ ಬಳ್ಳಾರಿ, ಮಂಗಳೂರು ಎನ್ನುತ್ತಿದ್ದೀರಿ, ನಾನು ಆ ಕಥೆಯ ಇನ್ನೊಂದು ತುದಿಯಲ್ಲಿ ಇದ್ದೇನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೆ ಎಷ್ಟೋ ಜನ ಹೋದದ್ದು ಇದೇ ವುರ್ಟೆಂಬರ್ಗ್ ಸೀಮೆಯಿಂದ. 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ ಮೊಗ್ಲಿಂಗ್ ತೀರಿಕೊಂಡ ಎಸ್ಲಿಂಗನ್ ನಮ್ಮ ಮನೆಯಿಂದ ರೈಲಿನಲ್ಲಿ ಸ್ವಲ್ಪ ಹೊತ್ತು. 1894ರ ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ಊರಿನಿಂದ ಯಾರೇ ಬಂದರೂ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ, ಗುಂಪಿನವರಿಗೂ ಸ್ವಾಗತ.

ವಿಷಯಕ್ಕೆ ಬಂದರೆ, ಹಿರಿಯರು ಕೇಳುವ ಮೌನ ಇಲ್ಲಿ ಬೇಕಾದಷ್ಟು ಇದೆ. ಆರ್ಗನ್ ಇದೆ, ಕಲ್ಲಿನ ಕಂಬ ಇದೆ, ಯಾರೂ ಕೆಮ್ಮುವುದೂ ಇಲ್ಲ. ನಾನು ಹೋಗುವ ಚರ್ಚಿನಲ್ಲಿ ಭಾನುವಾರ ನನ್ನ ಮಕ್ಕಳನ್ನು ಬಿಟ್ಟರೆ ಬೇರೆ ಮಕ್ಕಳು ಅಪರೂಪ.

ಬಳ್ಳಾರಿ ಹಿರಿಯರು, ಡಲ್ಲಾಸ್

ಮೌನ ಬೇರೆ, ಸ್ಮಶಾನ ಬೇರೆ. ನಾನು ಹೇಳುತ್ತಿರುವುದು ಕನ್ನಡ ಆರಾಧನೆ. ಮಕ್ಕಳಿಗೆ ಕನ್ನಡದಲ್ಲಿ ಕರ್ತನ ಪ್ರಾರ್ಥನೆ ಬಾರದಿದ್ದರೆ ಭಕ್ತಿ ಎಲ್ಲಿಂದ ಬರಬೇಕು? ತಿಂಗಳಿಗೊಮ್ಮೆಯಾದರೂ ಕನ್ನಡ ಸಭೆ ಕೂಡಿಸಿ. ನಾವು ಇಲ್ಲಿ ನಡೆಸುತ್ತಿದ್ದೇವೆ.

ಸಿಯಾಟಲ್, ಹಾಸನ ಮೂಲ

ನಿಮ್ಮ ಕನ್ನಡ ಸಭೆಗೆ ಮಕ್ಕಳು ಎಷ್ಟು ಜನ ಬರುತ್ತಾರೆ ಅಂಕಲ್?

ಬಳ್ಳಾರಿ ಹಿರಿಯರು, ಡಲ್ಲಾಸ್

ಬರುವವರು ಬರುತ್ತಾರೆ. ಸಂಖ್ಯೆ ನೋಡಿ ದೇವರು ಬರುವುದಿಲ್ಲ.

ದುಬೈ

ಔದ್ ಮೇಥಾದ ಚರ್ಚ್ ಆವರಣದಲ್ಲಿ ಒಂದು ಭಾಷೆಯವರ ಆರಾಧನೆ ಮುಗಿಯುವವರೆಗೆ ಇನ್ನೊಂದು ಭಾಷೆಯವರು ಹೊರಗೆ ಕಾಯುತ್ತಾರೆ. ಬಿಸಿಲಿರಲಿ, ಮಕ್ಕಳು ಅಳಲಿ, ಕಾಯುತ್ತಾರೆ. 2022ರ ಜನವರಿಯಲ್ಲಿ ಇಲ್ಲಿ ವಾರದ ರಜೆ ಬದಲಾಗುವವರೆಗೆ ನಮಗೆ ಶುಕ್ರವಾರವೇ ಭಾನುವಾರವಾಗಿತ್ತು. ಕಾದು ಒಳಗೆ ಹೋಗುವುದೇ ನನ್ನ ಮಗಳಿಗೆ ದೊಡ್ಡ ಪಾಠ. ಸುಲಭವಾಗಿ ಸಿಗುವ ಜಾಗದಲ್ಲಿ ಕಾಲು ಚಾಚಬೇಕು ಎನಿಸುತ್ತದೆ.

ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಆಜಾನ್ ಆದ ಕೂಡಲೇ ನಮ್ಮ ಕಟ್ಟಡದ ಕಾವಲುಗಾರ ಕೈಯಲ್ಲಿದ್ದ ಕೆಲಸ ಬಿಟ್ಟು ಚಾಪೆ ಹಾಸುತ್ತಾನೆ. ಯಾರು ನೋಡುತ್ತಿದ್ದಾರೆ ಎಂಬ ಗೊಡವೆ ಇಲ್ಲ. ಮಗಳು ಕೇಳಿದಳು, "ಅಮ್ಮ, ನಾವು ಯಾವುದಕ್ಕೆ ಹೀಗೆ ಕೆಲಸ ನಿಲ್ಲಿಸುತ್ತೇವೆ?" ಅಂದಿನಿಂದ ಊಟದ ಪ್ರಾರ್ಥನೆಗೆ ಮುಂಚೆ ಮೊಬೈಲ್‌ಗಳು ಬೇರೆ ಕೋಣೆಗೆ ಹೋಗುತ್ತವೆ, ಅವಳ ಅಪ್ಪನದೂ ಸೇರಿ.

ಮಿಷಿಗನ್ ಆಂಟಿ

ನನ್ನ ಮಕ್ಕಳು ದೊಡ್ಡವರಾಗಿ ಬೇರೆ ಊರು ಸೇರಿದ್ದಾರೆ. ಇಬ್ಬರೂ ಚರ್ಚಿಗೆ ಹೋಗುವುದಿಲ್ಲ. ಭಾನುವಾರದ ಶಾಲೆ ಒಂದೂ ತಪ್ಪಿಸಿದವರಲ್ಲ, ವಚನ ಹೇಳುವ ಸ್ಪರ್ಧೆಯ ಬಹುಮಾನಗಳು ಇನ್ನೂ ಕಪಾಟಿನಲ್ಲಿವೆ. ಹೋದ ಕ್ರಿಸ್ಮಸ್‌ಗೆ ಬಂದಾಗ ಮಗಳನ್ನು ಕೇಳಿಯೇಬಿಟ್ಟೆ. "ಚರ್ಚಿನಿಂದ ಮನೆಗೆ ಬರುವ ದಾರಿಯುದ್ದಕ್ಕೂ ನೀನು, ಅಪ್ಪ ಪ್ರಸಂಗ ಉದ್ದವಾಯಿತು, ಗಾಯನದವರ ಸ್ವರ ಕೆಟ್ಟಿತ್ತು, ಇಂಥವರು ಇಂಥ ಸೀರೆ ಉಟ್ಟಿದ್ದರು ಎಂದೇ ಮಾತಾಡುತ್ತಿದ್ದಿರಿ ಅಮ್ಮ" ಎಂದಳು. ಬೈದು ಹೇಳಲಿಲ್ಲ, ನಗುತ್ತಾ ಹೇಳಿದಳು. ಮಿಸಿಸಾಗಾದ ಮಗಳೇ, ಯಾವ ಚರ್ಚಿಗಾದರೂ ಹೋಗು, ಕಾರಿನಲ್ಲಿ ಬಾಯಿ ಮುಚ್ಚಿಕೊಂಡಿರು.

ಮೆಲ್ಬರ್ನ್ ಕುಟುಂಬ

ಮಧ್ಯದಲ್ಲಿ ಕ್ಷಮಿಸಿ, ಕನ್ನಡ ಗೀತೆ ಪುಸ್ತಕ ದೊಡ್ಡ ಅಕ್ಷರದ್ದು ಎಲ್ಲಿ ಸಿಗುತ್ತದೆ? ಅಪ್ಪನಿಗೆ ಬೇಕು.

ಬಳ್ಳಾರಿ ಹಿರಿಯರು, ಡಲ್ಲಾಸ್

ನನ್ನ ಬಳಿ ಎರಡು ಇವೆ. ವಿಳಾಸ ಖಾಸಗಿಯಾಗಿ ಕಳುಹಿಸಿ. ಹಣ ಬೇಡ.

ಮುಲ್ಕಿಯವಳು, ಮಿಸಿಸಾಗಾ

ಎಲ್ಲರಿಗೂ ಧನ್ಯವಾದ. ಪೇತ್ರನ ಕಥೆ ಹೇಳಿದೆ. "ಮೀನು ಸಿಕ್ಕಿದ್ದಕ್ಕೆ ಯಾಕೆ ಹೆದರಿದ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಆಡಲು ಹೋದ. ಚರ್ಚ್ ಸದ್ಯಕ್ಕೆ ಬಿಡುವುದಿಲ್ಲ, ಕಷ್ಟದಲ್ಲಿ ಕೈಹಿಡಿದವರನ್ನು ಡ್ರಮ್ ಬಾರಿಸುತ್ತಾರೆ ಎಂದು ಬಿಡಲು ನಮ್ಮಿಬ್ಬರಿಗೂ ಮನಸ್ಸಾಗುತ್ತಿಲ್ಲ. ಮೊಣಕಾಲೂರುವುದನ್ನು ಶುರು ಮಾಡಿದ್ದೇವೆ. ನನ್ನ ಗಂಡನಿಗೆ ಮಂಡಿನೋವು, ದಿಂಬು ಇಟ್ಟುಕೊಳ್ಳುತ್ತಾರೆ. ಸ್ಕಾರ್ಬರೋ ತಮ್ಮಾ, ಆ ಬಂಡೆಬಯಲಿಗೆ ಜುಲೈನಲ್ಲಿ ಹೋಗಬಹುದೇ?

ಸ್ಕಾರ್ಬರೋ

ಜುಲೈನಲ್ಲಿ ಸೊಳ್ಳೆ ಎತ್ತಿಕೊಂಡು ಹೋಗುತ್ತದೆ ಅಕ್ಕ, ಕತ್ತಲಾಗುವುದೂ ತಡ. ಸೆಪ್ಟೆಂಬರ್ ಅಮಾವಾಸ್ಯೆಯ ಹತ್ತಿರದ ಶನಿವಾರ ನೋಡಿ. ದಪ್ಪ ಕೋಟು, ಚಾಪೆ, ಫ್ಲಾಸ್ಕ್‌ನಲ್ಲಿ ಚಹಾ. ಟಾರ್ಚಿಗೆ ಕೆಂಪು ಬಣ್ಣದ ಕಾಗದ ಸುತ್ತಿ, ಬಿಳಿ ಬೆಳಕು ಬಿದ್ದರೆ ಕಣ್ಣು ಮತ್ತೆ ಕತ್ತಲೆಗೆ ಹೊಂದಲು ಅರ್ಧ ಗಂಟೆಯಾದರೂ ಬೇಕು. ನಾವೂ ಬರುತ್ತೇವೆ, ಇಬ್ಬರು ಮಕ್ಕಳಿದ್ದಾರೆ.

ಬಳ್ಳಾರಿ ಹಿರಿಯರು, ಡಲ್ಲಾಸ್

ನಕ್ಷತ್ರ ನೋಡಿ, ಬೇಡ ಎನ್ನುವುದಿಲ್ಲ. ಅಲ್ಲಿಗೆ ಚಹಾದ ಫ್ಲಾಸ್ಕ್ ಯಾಕೆ?